ಪುಟ ನೂರಾ ಹನ್ನೆರಡು

ಸದಾಶಿವಗಡದಲ್ಲಿ ಏಳೂ ಮುಕ್ಕಾಲರ ಬಸ್ಸು.
ನಿಂತೇ ಹೋದರೆ ಎರಡು ಪುಟ ಓದಾಗುತ್ತದೆ.
ಬಲಗಡೆ ಕಿಟಕಿ ಸಿಕ್ಕರೆ ಒಂದೇ,
ಇನ್ನೊಂದನ್ನು ಸಮುದ್ರ ತಿನ್ನುತ್ತದೆ.

ಲಾ ಎಂಟ್ರೆನ್ಸಿನ ಗೈಡು, ಸೆಕೆಂಡ್ ಹ್ಯಾಂಡು,
ಬೆನ್ನಿಗೆ ಸೆಲ್ಲೋಟೇಪು.
ಒಳಗೆ ನೀಲಿ ಶಾಯಿ: ಎನ್. ಆರ್. ಪೆಡ್ನೇಕರ,
ಬಿ.ಎ. ಅಂತಿಮ ವರ್ಷ.
ನಾನೂ ಈಗ ಅದೇ.
ಪುಸ್ತಕಕ್ಕೆ ಅರ್ಧ ಬೆಲೆ, ಅವನ ಪೆನ್ಸಿಲ್ ಗೆರೆ ಪುಕ್ಕಟೆ.

ಅವನು ಗೆರೆ ಎಳೆದಲ್ಲಿ ನಾನೂ ನಿಲ್ಲುತ್ತೇನೆ.
ಒಪ್ಪಿಗೆ, ಒತ್ತಾಯ, ವಂಚನೆ:
ಎರಡೆರಡು ಗೆರೆ.
ಪ್ರತಿಫಲವಿಲ್ಲದೆ ಕರಾರಿಲ್ಲ:
ಅಂಚಿನಲ್ಲಿ 'ಸರ್‌ಗೆ ಕೇಳು' ಅಂತಿದೆ.
ಕೇಳಿದನೋ ಇಲ್ಲವೋ.
ನನ್ನ ಕೈಯಲ್ಲಿ ಆಧಾರ್ ತೋರಿಸಿ ಪಡೆದ
ಸೊನ್ನೆ ರೂಪಾಯಿಯ ಟಿಕೆಟ್ಟು.
ಹಾಗಾದರೆ ಸರ್, ಈ ಬಸ್ಸು
ನನ್ನನ್ನು ನಡುದಾರಿಯಲ್ಲಿ ಇಳಿಸಬಹುದೆ?

ಮನೆಯಲ್ಲಿ ಕೊಂಕಣಿ, ಕಾಲೇಜಿನಲ್ಲಿ ಕನ್ನಡ,
ಪರೀಕ್ಷೆ ಇಂಗ್ಲಿಷಿನಲ್ಲಿ.
ಕಾಳಿ ಹೊಳೆ ದಾಟಲು ಬಸ್ಸಿಗೆ ಒಂದು ಸೇತುವೆ ಸಾಕು,
ಒಂದು ಶಬ್ದಕ್ಕೆ ಎರಡು ಬೇಕು.

ಪುಟ ನೂರಾ ಹನ್ನೆರಡು. ನಿರ್ಲಕ್ಷ್ಯ.
ಅಲ್ಲಿಗೆ ಪೆಡ್ನೇಕರನ ಪೆನ್ಸಿಲು ನಿಂತಿದೆ.
ಅದೂ ಅರ್ಧ ಸಾಲಿಗೆ, ಕೊನೆಯಲ್ಲಿ ತುಸು ಕೆಳಗೆ ಜಾರಿ.
ಆ ಅರ್ಧ ಸಾಲನ್ನು ಕನ್ನಡಕ್ಕೆ ತಂದುಕೊಂಡೆ:
ಸಾಧಾರಣ ವಿವೇಕದ ಮನುಷ್ಯ.
ಅವನು ಮಾಡುವುದನ್ನು ಮಾಡದಿದ್ದರೆ ತಪ್ಪು,
ಅವನು ಮಾಡದ್ದನ್ನು ಮಾಡಿದರೂ ತಪ್ಪು.
ಸರಿಯೇ. ಆದರೆ ಯಾರವನು, ಯಾವ ಊರು?
ಅವನಿಗೆ ಆಧಾರ್ ಉಂಟೆ?

ಅಂದಿನಿಂದ ಹುಡುಕುತ್ತಿದ್ದೇನೆ.
ಮುಂದಿನ ಸೀಟಿನ ಫಿಟ್ಟರು, ಕೈಗಾದ ಕಂತ್ರಾಟಿನವ,
ಹೆಲ್ಮೆಟ್ಟು ತೊಡೆಯ ಮೇಲಿಟ್ಟು ನಿದ್ದೆ ಹೋಗಿದ್ದಾನೆ.
ಇವನಲ್ಲ.
ಬೈತಖೋಲದ ದಯಾನಂದ ಮಾಮ
ಆಕಾಶ ತೊಳೆದಿಟ್ಟಂತಿದ್ದರೂ ದೋಣಿಗೆ ಎರಡು ಹಗ್ಗ ಬಿಗಿಯುತ್ತಾನೆ.
ಇವನೇ ಇರಬೇಕು ಅಂದುಕೊಂಡೆ.
ಆಮೇಲೆ ನೋಡಿದರೆ ಲೈಫ್ ಜಾಕೆಟ್ಟನ್ನು
ತಲೆದಿಂಬು ಮಾಡಿಕೊಂಡು ಮಲಗಿದ್ದ.
ಅರ್ಧ ಅಂಕ.

ಶನಿವಾರ ಮೀನುಪೇಟೆಯಲ್ಲಿ ಆಯಿಗೆ ಕೈಜೋಡಿಸಲು ಕೂತೆ.
ತಿಸರೆಯ ಪಾಲು ಹಾಕುತ್ತ ಹಾಕುತ್ತ
ಬಾಯಿ ಬಿಟ್ಟವನ್ನು ಹೆಕ್ಕಿ ಹಿಂದಕ್ಕೆ ಎಸೆಯುತ್ತಾಳೆ.
ಗಿರಾಕಿ ನೋಡುತ್ತಿಲ್ಲ.
ಕೊಳ್ಳುವವರು ಯಾರೋ, ಅವರ ಮನೆಯಲ್ಲಿ ಉಣ್ಣುವವರು ಯಾರೋ,
ಎಸೆದಷ್ಟೂ ಪಾಲು ಸಣ್ಣದಾಗುತ್ತದೆ.
'ಒಂದು ಸತ್ತದ್ದು ಸೇರಿದರೆ ಒಂದು ಮನೆಯೇ ಮಲಗೀತು'
ಅಂದಳು, ಚೌಕಾಶಿಯ ನಡುವೆ,
ತಲೆ ಎತ್ತದೆ.

ನಾನು ಪುಸ್ತಕ ತಂದಿರಲಿಲ್ಲ.

ಅರ್ಜಿಗೆ ಜಾತಿ, ಆದಾಯ, ಐದು ಸೆಮಿಸ್ಟರಿನ ಅಂಕಪಟ್ಟಿ,
ಝೆರಾಕ್ಸ್ ಮಾಡಿಸಲು ಕೋಡಿಬಾಗದ ಅಂಗಡಿಗೆ ಹೋದೆ.
ರಸೀದಿಯಲ್ಲಿ ಅದೇ ಬಾಗಿದ 'ಪೆ'.
ಗೈಡು ತೆಗೆದು ಮುಂದಿಟ್ಟೆ.
ಅವನು ಅಂಗಿಗೆ ಕೈ ಒರೆಸಿಕೊಂಡು ಹಾಳೆ ತಿರುವಿದ,
ಹುಡುಕದೆಯೇ ಅದೇ ಪುಟಕ್ಕೆ ಬಂದ.
'ಇಲ್ಲಿ ಓದುವಾಗ ಕರೆಂಟು ಹೋಗಿತ್ತು.'
'ಆಮೇಲೆ?'
'ಆಮೇಲೆ ಬಂತು.'
ಮಷೀನು ಒಂದು ಬೆಳಕು ಹಾಯಿಸಿತು, ಇನ್ನೊಂದು ಹಾಯಿಸಿತು.

ಹನ್ನೊಂದು ಪ್ರತಿ. ಹತ್ತಕ್ಕೆ ದುಡ್ಡು ತೆಗೆದುಕೊಂಡ.
ಮೆಟ್ಟಿಲಿಳಿಯುವಾಗ ಹಿಂದಿನಿಂದ ಕರೆದ:
'ಪೆನ್ನಿನಲ್ಲಿ ಗೆರೆ ಹಾಕು.
ಅಳಿಸಿ ಮಾರಬಹುದು ಅಂತ ನಾನು ಪೆನ್ಸಿಲು ಹಿಡಿದೆ.
ಕೊನೆಗೆ ಅಳಿಸಲೂ ಇಲ್ಲ.'

ಸೋಮವಾರ. ಏಳೂ ಮುಕ್ಕಾಲರ ಬಸ್ಸು,
ಬಲಗಡೆ ಕಿಟಕಿ.
'ಮನುಷ್ಯ'ದ ಪಕ್ಕ, ಅಂಚಿನಲ್ಲಿ,
ತಿಸರೆ, ಆಯಿ, ಶನಿವಾರ ಎಂದು ಬರೆದು
ಪುಟ ತಿರುವಿದೆ. ನೂರಾ ಹದಿಮೂರು, ಬಿಳಿ ಅಂಚು,
ಯಾರ ಗೆರೆಯೂ ಇಲ್ಲ.
ಪೆನ್ನಿನ ಟೊಪ್ಪಿ ಹಲ್ಲಿನಲ್ಲಿ ಕಚ್ಚಿ ಶುರು ಮಾಡಿದೆ.
ಸೇತುವೆಯ ಪ್ರತಿ ಜೋಡಣೆಗೂ ಬಸ್ಸು ಕುಕ್ಕುತ್ತದೆ,
ಗೆರೆ ಒಂದೊಂದು ಸಲ ಕೆಳಗಿನ ಸಾಲಿಗೆ ಹಾರುತ್ತದೆ.